ಬ್ಲೀಚಿಂಗ್ ವಾಸನೆಯ ನಡೆಮಡಿ

ನಮ್ಮ ಊರ ಹಳ್ಳ ಈಗ ಬೇಸಿಗೆಯಲ್ಲೂ ಬತ್ತುವುದಿಲ್ಲ. ಬೇರೆ ಊರಿನಿಂದ ಬಂದವರು ಇದನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಾರೆ. ರೋಣ, ನರಗುಂದ, ಗಜೇಂದ್ರಗಡ, ಈ ಮೂರರ ನಡುವಿನ ಎರೆಸೀಮೆಯಲ್ಲಿ ಯುಗಾದಿ ಹೊತ್ತಿಗೆ ಹಳ್ಳದಲ್ಲಿ ನೀರು ಕಂಡರೆ ಯಾರಿಗಾದರೂ ಆಸೆಯಾಗುವುದೇ. ನಾನು ಚಿಕ್ಕವಳಿದ್ದಾಗ ಅದೂ ಎಲ್ಲ ಹಳ್ಳಗಳ ಹಾಗೆ ಶಿವರಾತ್ರಿಗೆಲ್ಲ ಒಣಗಿ, ಉಸುಕಿನಲ್ಲಿ ಒರತೆ ತೋಡಿದರೆ ಮಾತ್ರ ಒಂದಿಷ್ಟು ನೀರು ಕೊಡುತ್ತಿತ್ತು. ಆಮೇಲೆ ಮನೆಮನೆಗೆ ನಲ್ಲಿ ಬಂತು, ಮನೆಮನೆಗೆ ಪಾಯಖಾನೆ ಬಂತು, ಎರಡರ ನೀರೂ ಹಳ್ಳಕ್ಕೆ ಬಂತು. ಹಳ್ಳ ವರ್ಷವಿಡೀ ಹರಿಯತೊಡಗಿತು. ಹಾಗೇ ಹರಿದು ಹೋಗಿ ಮಲಪ್ರಭೆಯನ್ನು ಸೇರುತ್ತದೆ. ಕೆಳಗಿನ ಊರುಗಳ ಜನ ಅದರಲ್ಲಿ ಎಮ್ಮೆ ಮೈ ತೊಳೆದು, ತಾವೂ ಜಳಕ ಮಾಡುತ್ತಾರೆ.

ನಾನು ಅಗಸರ ಮಗಳು. ಗದಗಿನಲ್ಲಿ ಬಿ.ಎಸ್ಸಿ. ಓದಿ, ಊರ ಹೊರಗೆ ಕಟ್ಟಿದ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದೆ. ಒಳಬರುವ ನೀರನ್ನೂ ಹೊರಹೋಗುವ ನೀರನ್ನೂ ಬಾಟಲಿಯಲ್ಲಿ ಹಿಡಿದು ಪರೀಕ್ಷೆ ಮಾಡುವುದು ನನ್ನ ಕೆಲಸ. ಅವ್ವ ಊರವರ ಬಟ್ಟೆಯ ಕೊಳೆ ನೋಡಿದಳು, ಮಗಳು ಊರವರ ಹೊಟ್ಟೆಯದನ್ನು ನೋಡುತ್ತಾಳೆ ಎಂದು ಓಣಿಯ ಹೆಂಗಸರು ನನ್ನೆದುರಿಗೇ ಅಂದು ನಗುತ್ತಾರೆ. ನಾನೂ ತಿರುಗಿ ಏನಾದರೊಂದು ಅನ್ನದೆ ಬಿಡುವವಳಲ್ಲ. ನಿನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಇದನ್ನು ಬರೆಯುವಾಗಲೂ ಅದು ಅಲ್ಲೇ ಇದೆ.

ಅಪ್ಪ ತೀರಿಕೊಂಡ ಮೇಲೆ ಬಟ್ಟೆ ಒಗೆಯಲು ಕೊಡುವವರು ಒಬ್ಬೊಬ್ಬರೇ ಕಡಿಮೆಯಾದರು. ಮಷಿನ್ ಇಲ್ಲದ ಮನೆ ಈಗ ಊರಲ್ಲಿ ಅಪರೂಪ. ಅವ್ವನಿಗೆ ಉಳಿದದ್ದು ಒಂದೇ ಕೆಲಸ, ನಡೆಮಡಿ. ಮದುವೆಯ ದಿನ ಮದುಮಕ್ಕಳು ಗುಡಿಯಿಂದ ಹಂದರದವರೆಗೆ ನಡೆದು ಬರುವಾಗ ಅವರ ಪಾದ ನೆಲಕ್ಕೆ ತಾಗಬಾರದು. ಅದಕ್ಕೆ ನಾವು ಬಿಳಿ ಮಡಿಬಟ್ಟೆ ಹಾಸುತ್ತೇವೆ. ಅವರು ಒಂದರ ಮೇಲೆ ನಡೆಯುತ್ತಿರುವಾಗ ಮುಂದೆ ಇನ್ನೊಂದನ್ನು ಹಾಸಬೇಕು, ಹಿಂದಿನದನ್ನು ಎಳೆದುಕೊಂಡು ಮತ್ತೆ ಮುಂದಕ್ಕೆ ಓಡಬೇಕು. ಉಳಿದ ದಿನ ಓಣಿಯ ಗೋಡೆಗೆ ಒತ್ತಿಕೊಂಡು ನಡೆಯುವ ಅವ್ವ, ಅಂದು ಬಾಜಾಬಜಂತ್ರಿಗಿಂತ ಮುಂದೆ, ಊರ ಹಿರಿಯರಿಗಿಂತ ಮುಂದೆ, ಬೀದಿಯ ನಟ್ಟನಡುವೆ ಇರುತ್ತಿದ್ದಳು.

“ನಾ ಹಾಸೂ ಮಟಾ ಎಂಥಾ ದೊಡ್ಡವರಾದ್ರೂ ನಿಂದರಬೇಕ ನೋಡ,” ಎಂದು ನನಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಇಡೀ ಬದುಕಿನಲ್ಲಿ ಊರು ಅವಳಿಗಾಗಿ ಕಾದು ನಿಲ್ಲುತ್ತಿದ್ದದ್ದು ಆ ಅಷ್ಟು ಹೊತ್ತು ಮಾತ್ರ.

ನಡೆಮಡಿ ಒಗೆಯುವುದಕ್ಕೆ ನಮ್ಮ ಊರಲ್ಲಿ ಕಟ್ಟಳೆಗಳಿವೆ. ಸೋಪು ಮುಟ್ಟಿಸಬಾರದು. ಸವಳು ಮಣ್ಣು ಹಾಕಿ, ಉಬ್ಬೆಯ ಗಡಿಗೆಯ ಹಬೆಯಲ್ಲಿ ಬೇಯಿಸಿ, ಹರಿಯುವ ನೀರಿನಲ್ಲಿ ಜಾಲಿಸಬೇಕು. ಒಗೆಯುವಾಗ ಮುಖ ಹೊಳೆಯ ಕಡೆಗಿರಬೇಕು, ಕಾಲು ಬರಿಗಾಲಾಗಿರಬೇಕು. ಒಗೆದದ್ದನ್ನು ಹಿಂಡದೆ, ತೊಟ್ಟಿಕ್ಕುವ ಹಾಗೆಯೇ ಮದುವೆ ಮನೆಯ ಹೊಸ್ತಿಲಿಗೆ ತರಬೇಕು. ಆ ಮನೆಯ ಹಿರಿಯ ಅದರ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡ ಮೇಲೆಯೇ ಒಣಹಾಕುವುದು. ಹಳ್ಳ ಗಟಾರವಾದ ಮೇಲೂ ಈ ಕಟ್ಟಳೆಗಳಲ್ಲಿ ಒಂದೂ ಬದಲಾಗಲಿಲ್ಲ. ಬಟ್ಟೆ ಗಟಾರದ ವಾಸನೆ ಹೊಡೆಯುತ್ತ ಬರುತ್ತಿತ್ತು, ಹಿರಿಯರು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಒಬ್ಬರೂ ಮೂಗು ಮುಚ್ಚಿದ್ದನ್ನು ನಾನು ಕಾಣೆ.

ಅವ್ವನಿಗೆ ಸಕ್ಕರೆ ಕಾಯಿಲೆ. ಹಳ್ಳದಲ್ಲಿ ಮೊಣಕಾಲಿನವರೆಗೆ ಇಳಿದು ಒಗೆಯುತ್ತಿದ್ದಾಗ ಬಲಗಾಲಿನ ಹೆಬ್ಬೆರಳ ಬುಡಕ್ಕೆ ಗಾಜಿನ ಚೂರು ಹೊಕ್ಕಿತು. ಯಾರೋ ಕುಡಿದು ಎಸೆದ ಬಾಟಲಿ. ಅವ್ವ ಅರಿಸಿನ ಮೆತ್ತಿ ಸುಮ್ಮನಿದ್ದಳು. ಅವಳಿಗೆ ನೋವೇ ತಿಳಿಯುತ್ತಿರಲಿಲ್ಲ, ಸಕ್ಕರೆ ಕಾಯಿಲೆಯ ಕಾಲು ಹಾಗೇ. ಕೊನೆಗೆ ಮನೆಯೊಳಗೆ ಕೊಳೆತ ವಾಸನೆ ಎದ್ದಾಗ ನಾನು ಬಯ್ದು ಬಸ್ಸು ಹತ್ತಿಸಿ ರೋಣದ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಗಾಯ ತೊಳೆದು, ಕಪ್ಪಗಾದ ಚರ್ಮವನ್ನು ಕತ್ತರಿಸಿ ತೆಗೆದು, ತಲೆ ಎತ್ತಿ ಅವ್ವನನ್ನು ನೋಡಿದರು.

“ಈ ಕಾಲ ಬೇಕೇನವಾ ನಿನಗ?”

“ಬೇಕ್ರಿ ಎಪ್ಪಾ.”

“ಬೇಕಾಗಿದ್ರ ಆ ಹಳ್ಳಕ್ಕ ಇಳೀಬ್ಯಾಡ. ಇನ್ನೊಮ್ಮೆ ಆ ರಾಡಿ ಈ ಗಾಯದಾಗ ಹೊಕ್ತು ಅಂದ್ರ ಬೆರಳ ಹೋಗಂಗಿಲ್ಲ, ಕಾಲ ಹೋಗ್ತೈತಿ. ತಿಳೀತಿಲ್ಲೋ?”

ತಿಳಿಯಿತು ಎಂದು ಅವ್ವ ತಲೆಯಾಡಿಸಿದಳು. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಪಟ್ಟಿ ಕಟ್ಟಿದ ಕಾಲನ್ನೇ ನೋಡುತ್ತ ಕೇಳಿದ್ದು ಒಂದೇ ಮಾತು.

“ಮತ್ತ ನಡಿಮಡಿ?”

ನನಗೆ ಅಲ್ಲೇ ಸಿಟ್ಟು ಬಂತು. ಕಾಲು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ, ಇವಳಿಗೆ ಯಾರದೋ ಮದುವೆಯ ಚಿಂತೆ. ಘಟಕದಲ್ಲಿ ನಮಗೆ ಕೊಟ್ಟಿದ್ದ ರಬ್ಬರ್ ಬೂಟನ್ನು ಮರುದಿನವೇ ತಂದು ಅವಳ ಮುಂದೆ ಇಟ್ಟೆ.

“ಬೂಟ ಹಾಕ್ಕೊಂಡ ಮಡಿ ಮಾಡ್ತಾರೇನ, ಹುಚ್ಚಿ,” ಎಂದು ಅವನ್ನು ಎತ್ತಿ ಕಟ್ಟಿಗೆ ಒಟ್ಟಿದ್ದ ಮೂಲೆಗೆ ಎಸೆದಳು.

ಒಗೆಯುವ ಕಲ್ಲು ಇರುವುದು ಸಾವ್ಕಾರರ ವಾಡೆಯ ಹಿಂದೆ. ಸಾವ್ಕಾರರು ಅಂದರೆ ನಮ್ಮ ಊರಲ್ಲಿ ಅವರೊಬ್ಬರೇ. ಕಡಲೆ, ಹತ್ತಿಯ ವ್ಯಾಪಾರ, ನೀರಾವರಿ ಹೊಲ, ಪಂಚರಲ್ಲಿ ಮೊದಲ ಸ್ಥಾನ. ಒಳಚರಂಡಿ ಪೈಪು ಹಾಕುವಾಗ ಊರ ಎಲ್ಲ ಮನೆಗಳನ್ನೂ ಅದಕ್ಕೆ ಜೋಡಿಸಿದರು, ಸಾವ್ಕಾರರ ವಾಡೆಯನ್ನು ಬಿಟ್ಟು. ಅವರ ಮನೆಯಿಂದ ಪೈಪು ತೆಗೆಯಬೇಕಾದರೆ ಈಶಾನ್ಯದ ಮೂಲೆಯನ್ನು ಅಗೆಯಬೇಕಿತ್ತು. ಆ ಮೂಲೆಯಲ್ಲಿ ಹೊಲಸು ಹಾಯಬಾರದು ಎಂದು ವಾಸ್ತು ಹೇಳುವವರು ಹೇಳಿದರಂತೆ. ಅದಕ್ಕೆ ವಾಡೆಯ ಪೈಪು ಮೊದಲಿನಂತೆ ಹಿತ್ತಲ ಗೋಡೆಯಿಂದ ಮೂತಿ ಚಾಚಿಕೊಂಡು, ಒಗೆಯುವ ಕಲ್ಲಿನಿಂದ ಒಂದು ಮಾರು ಮೇಲೆ, ಹಳ್ಳಕ್ಕೆ ಸುರಿಯುತ್ತಲೇ ಉಳಿಯಿತು. ಉಳಿದವರದು ನೆಲದೊಳಗೆ ಹೋಗಿ ನಮ್ಮ ಘಟಕಕ್ಕೆ ಬರುತ್ತದೆ. ಆದರೂ ಹಳ್ಳ ಬತ್ತಲಿಲ್ಲ, ಮೇಲಿನ ಓಣಿಗಳಲ್ಲಿ ಅಂಗಳದ ನೀರು ಹರಿಯುವ ಬಯಲು ಗಟಾರಗಳೂ ವಾಡೆಯ ಪೈಪೂ ಅದಕ್ಕೆ ಸಾಕಾಗಿದ್ದವು.

ಘಟಕ ಶುರುವಾದಾಗ ಊರು ನಕ್ಕದ್ದನ್ನು ಹೇಳಬೇಕು. ಕೊಳಚೆಯನ್ನು ತಿಂದು ನೀರನ್ನು ತಿಳಿ ಮಾಡುವುದು ಯಂತ್ರವಲ್ಲ, ಕಣ್ಣಿಗೆ ಕಾಣದ ಸಣ್ಣ ಜೀವಿಗಳು. ತೊಟ್ಟಿಯಲ್ಲಿ ಗಾಳಿ ಊದಿ ಅವನ್ನು ಸಾಕಬೇಕು. ಸಾಕುವ ಮೊದಲು ಅವು ಹುಟ್ಟಬೇಕಲ್ಲ, ಅದಕ್ಕೆ ಸೆಗಣಿ ಕದಡಿ, ಬೆಲ್ಲ ಕರಗಿಸಿ ಸುರಿದೆವು. ಟ್ರ್ಯಾಕ್ಟರಿನಲ್ಲಿ ಸೆಗಣಿ ಬಂತು, ಸಂತೆಯಿಂದ ಬೆಲ್ಲದ ಪೆಂಟಿ ಬಂತು. “ನಮಗ ಹೋಳಿಗಿಗೆ ಬೆಲ್ಲಿಲ್ಲ, ಇವರು ಹೇಲಿಗೆ ಬೆಲ್ಲಾ ಉಣಸಾಕತ್ಯಾರ,” ಎಂದು ಚಹಾ ಅಂಗಡಿಯಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಕೆಲವು ವಾರ ಕಳೆಯುವುದರೊಳಗೆ ತೊಟ್ಟಿಯಲ್ಲಿ ಕಂದು ಬಣ್ಣದ ಗಸಿ ಕಟ್ಟಿ ತಳಕ್ಕೆ ಇಳಿಯಿತು, ಮೇಲೆ ನೀರು ತಿಳಿಯಾಗಿ ನಿಂತಿತು. ನಾನು ಮೊದಲ ಬಾಟಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದೆ, ಆಚೆಗಿದ್ದ ಜಾಲಿ ಮರ ಅದರಲ್ಲಿ ಸ್ವಚ್ಛವಾಗಿ ಕಾಣಿಸಿತು. ಅಂದು ನನಗೆ ಆದ ಸಂತೋಷವನ್ನು ಹಂಚಿಕೊಳ್ಳಲು ಕಾವಲುಗಾರನ ನಾಯಿಯ ಹೊರತು ಯಾರೂ ಇರಲಿಲ್ಲ.

ಉದ್ಘಾಟನೆಯ ದಿನ ಸಾವ್ಕಾರರೂ ಶಾಲು ಹೊದಿಸಿಕೊಂಡು ಭಾಷಣ ಮಾಡಿದರು. “ಹೊಳಿ ಅಂದ್ರ ನಮ್ಮ ತಾಯಿ. ತಾಯಿ ಮಾರಿಗೆ ರಾಡಿ ಹಚ್ಚಬಾರದು,” ಎಂದರು. ಜನ ಚಪ್ಪಾಳೆ ಹೊಡೆದರು. ನಾನು ನೀರಿನ ಬಾಟಲಿಗಳನ್ನು ಜೋಡಿಸಿಟ್ಟ ಮೇಜಿನ ಹಿಂದೆ ನಿಂತಿದ್ದೆ. ಅವರ ಪೈಪಿನ ಕೆಳಗಿನ ನೀರನ್ನೂ ಒಂದು ಬಾಟಲಿ ಹಿಡಿದಿಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಘಟಕದ ನೀರು ಕೊನೆಯಲ್ಲಿ ಬ್ಲೀಚಿಂಗ್ ಪುಡಿ ಕಂಡು, ಸಿಮೆಂಟಿನ ಮೆಟ್ಟಿಲುಗಳ ಮೇಲೆ ಇಳಿದು ಹಳ್ಳ ಸೇರುತ್ತದೆ. ಮೆಟ್ಟಿಲ ಪಕ್ಕದಲ್ಲಿ ಒಣ ಕಟ್ಟೆಯಿದೆ. ಅಲ್ಲಿ ನಿಂತು ಕೈ ಚಾಚಿದರೆ ಸಾಕು, ಕಾಲು ನೀರಿಗೆ ಇಳಿಸುವ ಕೆಲಸವೇ ಇಲ್ಲ. ಇದು ನನಗೆ ಹೊಳೆದ ದಿನ ಅವ್ವನನ್ನು ಕರೆದುಕೊಂಡು ಹೋದೆ. ಅವಳು ಬಗ್ಗಿ ಬೊಗಸೆ ತುಂಬ ನೀರು ಹಿಡಿದು, ಸೋರಿ ಹೋಗಲು ಬಿಟ್ಟು, ಬೆರಳಿಗೆ ಬೆರಳು ತಿಕ್ಕಿ ನೋಡಿದಳು.

“ಜಿಡ್ಡಿಲ್ಲ,” ಎಂದಳು. “ಇದು ಮೊದಲ ಏನಿತ್ತು?”

“ಊರ ಗಟಾರ.”

“ಈಗ?”

“ಈಗ ನೀರು. ಕುಡಿಯಾಕಲ್ಲ, ಒಗಿಯಾಕ ಅಡ್ಡಿಯಿಲ್ಲ.”

ಅವ್ವ ಮೆಟ್ಟಿಲ ಕೆಳಗೆ ಹರಿದು ಹೋಗುವ ನೀರನ್ನು ನೋಡಿದಳು. “ಹರೀತೈತಿ. ಹೊಳಿ ಕಡೇನ ಹೊಂಟೈತಿ,” ಎಂದು ತನಗೆ ತಾನೇ ಹೇಳಿಕೊಂಡು, ಸೆರಗು ಸಿಕ್ಕಿಸಿ, ಕಟ್ಟೆಯ ಮೇಲೆ ಹೊಳೆಯ ಕಡೆ ಮುಖ ಮಾಡಿ ನಿಂತಳು. ಆ ಬಾರಿಯ ಬಟ್ಟೆ ಎಷ್ಟು ಬೆಳ್ಳಗಾಯಿತೆಂದರೆ, ಒಣಹಾಕಿದ ಹಗ್ಗದ ಕೆಳಗೆ ನಿಂತು ಅವಳೇ ಮತ್ತೆ ಮತ್ತೆ ನೋಡಿದಳು. ಒಂದೆರಡು ಮದುವೆಗಳು ಹಾಗೇ ಕಳೆದವು. ಬಡವರ ಮನೆಯ ಮದುವೆಗಳು, ಯಾರೂ ಏನೂ ಕೇಳಲಿಲ್ಲ. ಗಾಯ ಒಣಗತೊಡಗಿತು. ಅಂಚಿನಲ್ಲಿ ಹೊಸ ಚರ್ಮ ಗುಲಾಬಿ ಬಣ್ಣದಲ್ಲಿ ಮೂಡಿತು. ನಾನು ದಿನಾ ಸಂಜೆ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ, ಘಟಕದಲ್ಲಿ ಬಾಟಲಿ ನೋಡುವ ಹಾಗೆ.

ಆಮೇಲೆ ಸಾವ್ಕಾರರ ಮೊಮ್ಮಗಳ ಮದುವೆ ಬಂತು.

ಅವ್ವ ಆ ಮದುವೆಗೆ ಹೊಸ ಸೀರೆ ಉಟ್ಟುಕೊಂಡು ಹೋಗಿ ಒಗೆದಳು. ಮರುದಿನ ಘಟಕದ ತಪಾಸಣೆಗೆ ಮೇಲಿನವರು ಬರುವವರಿದ್ದರು, ಹಾಗಾಗಿ ಬ್ಲೀಚಿಂಗ್ ಪುಡಿ ಆ ದಿನ ಜಾಸ್ತಿಯೇ ಬಿದ್ದಿತ್ತು. ನಮ್ಮ ಮೂಗಿಗೆ ಅದು ದಿನದ ವಾಸನೆ, ಗೊತ್ತಾಗಲಿಲ್ಲ. ತೊಟ್ಟಿಕ್ಕುವ ಬಟ್ಟೆಯ ಬುಟ್ಟಿಯನ್ನು ನಾವಿಬ್ಬರೂ ಹಿಡಿದುಕೊಂಡು ವಾಡೆಯ ಅಂಗಳಕ್ಕೆ ತಂದೆವು. ಅಂಗಳ ತುಂಬ ಬೀಗರು, ನೆಂಟರು. ಸಾವ್ಕಾರರು ಹೊಸ್ತಿಲಿಗೆ ಬಂದು, ಅಂಚು ಹಿಡಿದು ಕಣ್ಣಿಗೆ ಒತ್ತಿಕೊಂಡು, ಹಾಗೇ ನಿಂತರು. ಮತ್ತೊಮ್ಮೆ ಮೂಗಿಗೆ ಹಿಡಿದರು.

“ಇದೇನಬೇ, ದವಾಖಾನಿ ವಾಸನಿ ಹೊಡೀತೈತಿ?”

ಅವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ಅವಳ ಒಳ್ಳೆಯತನ ಎಂದು ಜನ ಹೇಳುತ್ತಾರೆ, ನನಗೆ ಮಾತ್ರ ಅದು ಅವಳಿಗಂಟಿದ ಇನ್ನೊಂದು ರೋಗ.

“ಎಪ್ಪಾ, ಘಟಕದ ನೀರಾಗ ಒಗದೇನ್ರಿ. ಭಾಳ ತಿಳಿ ಐತ್ರಿ. ಕಾಲಾಗ ಹುಣ್ಣೈತ್ರಿ, ಹಳ್ಳಕ್ಕ ಇಳೀಬ್ಯಾಡ ಅಂತ ಡಾಕ್ಟರ್ ಹೇಳ್ಯಾರ್ರಿ, ಅದಕ್ಕ…”

“ಅಯ್ಯ ಶಿವನ, ಪಾಯಖಾನಿ ನೀರಾಗ?” ಎಂದು ಮದುಮಗಳ ಸೋದರತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಎಲ್ಲರೂ. ಹಿತ್ತಲಲ್ಲಿ ಅವರದೇ ಪೈಪು ಸುರಿಯುವ ಸದ್ದು ಅಂಗಳದವರೆಗೂ ಕೇಳುತ್ತಿತ್ತು.

ಸಾವ್ಕಾರರು ಕೂಗಾಡುವ ಪೈಕಿಯವರಲ್ಲ. ಮೆತ್ತಗೆ ಮಾತಾಡುತ್ತಾರೆ, ನಗುನಗುತ್ತಾ ಮಾತಾಡುತ್ತಾರೆ.

“ಗೊತ್ತಿಲ್ದ ಮಾಡಿ. ಇರ್ಲಿ, ನಾ ಏನೂ ಅನ್ನೂದಿಲ್ಲ. ಹೋಗು, ನಮ್ಮ ಹಳ್ಳದಾಗ ಇನ್ನೊಮ್ಮೆ ಜಾಲಿಸ್ಕೊಂಡ ಬಾ.”

“ಹಳ್ಳದಾಗ ಏನ್ ಹರೀತೈತಿ ಗೊತ್ತೇನ್ರಿ?” ಎಂದೆ ನಾನು. ನನ್ನ ದನಿ ನನಗೇ ಜೋರಾಗಿ ಕೇಳಿತು. “ನಿಮ್ಮ ವಾಡೇದ ಪೈಪ ಒಗಿಯೂ ಕಲ್ಲಿನ ಮ್ಯಾಲ ಬೀಳತೈತ್ರಿ. ಊರ ಮಂದೀದನ್ನ ನಾವು ತಿಳಿ ಮಾಡಿ ಬಿಡ್ತೇವಿ. ನಿಮ್ಮದೊಂದ ಹಂಗ ಹಸೀದ ಬರ್ತೈತಿ.”

ಹಂದರ ಕಟ್ಟುತ್ತಿದ್ದ ಹುಡುಗರು ಕಿಸಕ್ಕನೆ ನಕ್ಕು ಕೂಡಲೇ ಬಾಯಿ ಮುಚ್ಚಿಕೊಂಡರು. ಸಾವ್ಕಾರರ ಮುಖದ ನಗೆ ಹೋಗಲಿಲ್ಲ.

“ನೀ ಕಲತಾಕಿ, ನಿನಗ ತಿಳೀಬೇಕ. ಹಳ್ಳದ ನೀರು ಹರಿಯೂ ನೀರವಾ, ಅದಕ್ಕ ಮೈಲಿಗಿ ಅನ್ನೂದು ಬರೂದಿಲ್ಲ. ನೀವು ಅದನ್ನ ತೊಟ್ಟ್ಯಾಗ ಕೂಡಿ ಹಾಕೀರಿ, ನಿಲ್ಲಿಸೀರಿ, ಅದರಾಗ ಏನೇನೋ ಪುಡಿ ಹಾಕೀರಿ. ಅದನ್ನ ನಾ ನನ್ನ ಮೊಮ್ಮಗಳ ಕಾಲ ಬುಡಕ ಹಾಸಲೇನು?”

ಸುತ್ತಲಿದ್ದವರು ಹೌದು ಹೌದು ಎಂದು ತಲೆಯಾಡಿಸಿದರು. ಅದರಲ್ಲಿ ನನ್ನ ಜೊತೆ ಗದಗಿಗೆ ಬಸ್ಸಿನಲ್ಲಿ ಹೋಗಿ ಬಂದು ಕಾಲೇಜು ಓದಿದವರೂ ಇದ್ದರು.

“ಹಂಗಾರ ನಾ ಒಗದ ತರ್ತೀನ್ರಿ,” ಎಂದೆ. “ಆಕೀನ ನೀರಿಗೆ ಇಳಸಬ್ಯಾಡ್ರಿ. ಕಾಲ ಹೋಗ್ತೈತಿ.”

“ನೀ ದಿನಾ ಆ ಹೊಲಸನ್ಯಾಗ ಕೈ ಅದ್ದಾಕಿ. ನಿನ್ನ ಕೈ ನಡ್ಯಾಂಗಿಲ್ಲ.” ಅವರು ಅವ್ವನ ಕಡೆ ತಿರುಗಿದರು. “ಒತ್ತಾಯ ಏನಿಲ್ಲ ನೋಡ ತಂಗಿ. ನಿನಗ ಆಗಂಗಿಲ್ಲ ಅಂದ್ರ ಗಜೇಂದ್ರಗಡದಿಂದ ಬ್ಯಾರೆಯವರನ್ನ ಕರಸ್ತೀವಿ. ಮುಂದನೂ ಅವರನ್ನ ಕರಸಿದರಾತು.”

ಒತ್ತಾಯವಿಲ್ಲ ಎಂದು ಎಷ್ಟು ಚೆನ್ನಾಗಿ ಒತ್ತಾಯ ಮಾಡಬಹುದು ಎಂದು ನಾನು ಕಲಿತದ್ದು ಅಂದು. ಅವ್ವ ನನ್ನ ಕೈಯನ್ನು ಬುಟ್ಟಿಯಿಂದ ಕಿತ್ತು ಹಾಕಿದಳು.

“ಬಾಯಿ ಮುಚ್ಚ. ಯಾರ ಮುಂದ ನಿಂತ ಏನ ಮಾತಾಡಾಕತ್ತಿ,” ಎಂದು ಎಲ್ಲರ ಮುಂದೆ ನನಗೆ ಬಯ್ದು, ಬುಟ್ಟಿ ಹೊತ್ತು ಹಿತ್ತಲ ಕಡೆ ಹೊರಟಳು.

ನಾನು ಹಿಂದೆಯೇ ಓಡಿದೆ. ಹಳ್ಳದ ದಂಡೆಯಲ್ಲಿ ಕೂತು ಅವಳು ಕಾಲಿನ ಪಟ್ಟಿ ಬಿಚ್ಚುತ್ತಿದ್ದಳು. ದವಾಖಾನೆಯ ಪಟ್ಟಿ ಮಡಿಯಲ್ಲ ಎಂದಳು. ರಟ್ಟೆ ಹಿಡಿದು ಎಳೆದೆ, ಕೊಡವಿಕೊಂಡಳು. ಬೇಡವೇ ಯವ್ವಾ, ನಿನ್ನ ಕಾಲಿಗೆ ಬೀಳುತ್ತೇನೆ ಎಂದೆ. “ಆ ಕಾಲ ಸಲುವಾಗೇ ಇಷ್ಟೆಲ್ಲ ಆಗಿದ್ದು,” ಎಂದಳು. ಆ ಗುಲಾಬಿ ಬಣ್ಣದ ಚರ್ಮ ಸಮೇತ ಅವಳು ಕಪ್ಪು ನೀರಿಗೆ ಇಳಿದಳು.

ಹಿರಿಯರು ದಂಡೆಯ ಮೇಲೆ ಸಾಲಾಗಿ ನಿಂತು ನೋಡಿದರು, ಮೂಗಿಗೆ ಕರವಸ್ತ್ರ ಹಿಡಿದುಕೊಂಡು. ಇಷ್ಟು ವರ್ಷ ಅವರಲ್ಲಿ ಯಾರೂ ಆ ಕಲ್ಲಿನ ಹತ್ತಿರ ಬಂದವರಲ್ಲ. ವಾಡೆಯೊಳಗೆ ಬೀಗರ ಜಳಕ ನಡೆದಿರಬೇಕು. ಅವ್ವ ಬಟ್ಟೆ ಜಾಲಿಸುತ್ತಿದ್ದಾಗ ಪೈಪು ಒಮ್ಮೆ ಗೊರಗೊರ ಅಂದು ಸುರಿಯಿತು. ನೊರೆಯ ಜೊತೆಗೆ ಬರಬಾರದ್ದೂ ಬಂತು. ಅವ್ವ ಬಟ್ಟೆಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, ಅದು ತನ್ನ ಕಾಲುಗಳ ನಡುವೆ ತೇಲಿ ಹೋಗುವವರೆಗೆ ಕಾದು, ಮತ್ತೆ ಅದ್ದಿದಳು. ಒಬ್ಬರಾದರೂ ‘ಸಾಕು, ಬಾ’ ಎನ್ನುತ್ತಾರೇನೋ ಎಂದು ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ.

“ಆತೇನ್ರಿ?” ಎಂದು ಅವ್ವ ಕೆಳಗಿನಿಂದ ಕೇಳಿದಳು.

“ಇನ್ನೊಮ್ಮೆ ಅದ್ದಿಬಿಡ. ಆ ಪುಡಿ ವಾಸನಿ ಪೂರಾ ಹೋಗ್ಲಿ,” ಎಂದರು ಸಾವ್ಕಾರರು.

ಅವಳು ಅದ್ದಿದಳು. ಮೇಲೆ ಬಂದ ಮೇಲೆ ಸಾವ್ಕಾರರು ಕರವಸ್ತ್ರ ತೆಗೆದು, ಅಂಚು ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡರು. “ಈಗ ಚಲೋ ಆತು,” ಎಂದರು. ಅವರಿಗೆ ನಿಜವಾಗಿಯೂ ಸಮಾಧಾನವಾಗಿತ್ತು, ಅದನ್ನು ಮುಖದಲ್ಲೇ ಕಾಣಬಹುದಿತ್ತು. ನಾಟಕವಾಡಿದ್ದರೆ ನನಗೆ ಅವರ ಮೇಲೆ ಇಷ್ಟು ಅಸಹ್ಯ ಹುಟ್ಟುತ್ತಿರಲಿಲ್ಲ.

ಮದುವೆಯ ದಿನ ಅವ್ವ ನಡೆಮಡಿ ಹಾಸಿದಳು. ಪಟ್ಟಿ ಇಲ್ಲದ ಬರಿಗಾಲಿನಲ್ಲಿ ಮುಂದಕ್ಕೂ ಹಿಂದಕ್ಕೂ ಓಡಿದಳು. ಗಾಯ ಬಾಯಿ ಬಿಟ್ಟಿತ್ತು. ಅವಳ ಕಾಲು ತಾಗಿದ ಕಡೆಯಲ್ಲೆಲ್ಲ ಬಿಳಿ ಬಟ್ಟೆಯ ಅಂಚಿಗೆ ಕೆಂಪು ಕಂದು ಕಲೆ ಕೂತಿತು. ಮದುಮಗಳು ಅದನ್ನು ನೋಡಿದಳು, ಸೀರೆಯ ನೆರಿಗೆ ಎತ್ತಿಕೊಂಡು ಕಲೆ ತಪ್ಪಿಸಿ ಕಾಲಿಟ್ಟಳು. ಓಲಗದವರು ನಿಂತರು, ಸಾವ್ಕಾರರು ನಿಂತರು, ಬೀಗರು ನಿಂತರು, ಅವ್ವ ಬಟ್ಟೆಯ ಸುಕ್ಕು ಬಿಡಿಸಿ ಸರಿಮಾಡುವವರೆಗೂ ಎಲ್ಲರೂ ನಿಂತರು. ಅವ್ವ ಸುಖವಾಗಿದ್ದಳು. ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ, ಆದರೆ ಅಂದು ಅವಳಷ್ಟು ಸುಖವಾಗಿದ್ದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಆ ವಾರದಲ್ಲೇ ಅವ್ವನಿಗೆ ಚಳಿಜ್ವರ ಬಂತು. ಪಾದ ಊದಿ ಹೊಳೆಯತೊಡಗಿತು, ಆಮೇಲೆ ಬೆರಳುಗಳು ಕಪ್ಪಾದವು. ರೋಣದ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ ಏನೂ ಬಯ್ಯಲಿಲ್ಲ. ಗಾಡಿ ಮಾಡಿಕೊಂಡು ಗದಗಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಅಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಒಪ್ಪಿಗೆಯ ಸಹಿ ಮಾಡಿದವಳು ನಾನು. ಎಚ್ಚರವಾದ ಮೇಲೆ ಅವ್ವ ಹೊದಿಕೆಯ ಮೇಲೆ ಕೈಯಾಡಿಸಿ, ಕಾಲಿರಬೇಕಾದ ಕಡೆ ಹಾಸಿಗೆಯನ್ನು ತಟ್ಟಿ ನೋಡಿದಳು. ಅಳಲಿಲ್ಲ. ಅದೇ ಕೈಯಿಂದ ಹಾಸಿಗೆಯ ಚಾದರದ ಅಂಚನ್ನು ಉಜ್ಜಿ, “ಇದನ್ನ ಸರಿ ಒಗದಿಲ್ಲ,” ಎಂದಳು.

ಮನೆಗೆ ಬಂದ ಮೇಲೆ ಸಾವ್ಕಾರರು ನೋಡಲು ಬಂದರು. ಬರಬಾರದಿತ್ತು ಎಂದು ನಾನು ಹೇಳುವುದಿಲ್ಲ, ಊರಿನ ಹಿರಿಯರು ಹಾಗೆ ಬರುವುದು ವಾಡಿಕೆ. ಕೈಯಲ್ಲಿ ಒಂದು ಡಬ್ಬಿ ಬುಂದಿ ಲಾಡು ಇತ್ತು. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವಳ ಹಾಸಿಗೆಯ ಪಕ್ಕ ಅದನ್ನು ಇಟ್ಟು, ಕುರ್ಚಿಯಲ್ಲಿ ಕೂತರು. ಅವ್ವ ಏಳಲು ಒದ್ದಾಡಿದಳು.

“ಮಲಕ್ಕೋ, ಮಲಕ್ಕೋ. ಏನ ಮಾಡೂದು, ಹಣೇಬಾರ,” ಎಂದರು. ಆಮೇಲೆ ಗಂಟಲು ಸರಿ ಮಾಡಿಕೊಂಡರು. “ಒಂದ ಮಾತು ಹೇಳೂದಿತ್ತ ತಂಗಿ. ಅಂಗ ಊನ ಆದವರು ನಡಿಮಡಿ ಹಾಸಿದ್ರ ಮದಿಮಕ್ಕಳಿಗೆ ಚಲೋ ಅಲ್ಲ ಅಂತ ಹಿರೇರು ಮಾತಾಡ್ಯಾರ. ನನ್ನ ಕೇಳಿದ್ರ ನೀನ ಹಾಸ ಅಂತಿದ್ದೆ. ಖರೇ, ನಾಕ ಮಂದಿ ಮಾತ ಮೀರಾಕ ಬರೂದಿಲ್ಲ.”

ಕಾಲು ತೆಗೆದಾಗ ಬಾರದ ನೀರು ಆಗ ಅವ್ವನ ಕಣ್ಣಲ್ಲಿ ಬಂತು.

“ಹಂಗಂತ ನಿಮ್ಮ ಮನಿತನದ ಹಕ್ಕ ತಪ್ಪಸಾಕ ನನಗ ಮನಸಿಲ್ಲ,” ಎಂದು ಅವರು ನನ್ನ ಕಡೆ ನೋಡಿದರು. “ನಿನ್ನ ಮಗಳ ಅದಾಳಲ್ಲ. ಆ ಹೊಲಸ ನೌಕರಿ ಬಿಟ್ಟು, ಹೊಳಿಗೆ ಹೋಗಿ ಜಳಕಾ ಮಾಡಿ ಬರ್ಲಿ. ನಮ್ಮ ಹಳ್ಳದಾಗ ಒಗೀಲಿ. ಯಾರ ಏನಂತಾರ?”

ಅವ್ವನ ಕಣ್ಣು ನನ್ನ ಕಡೆ ಹೊರಳಿತು. ಅವಳು ಹಾಸಿಗೆಯಿಂದ ಅರ್ಧ ಎದ್ದು ನನ್ನ ಮಣಿಕಟ್ಟು ಹಿಡಿದಳು. ಕಾಲು ಹೋದ ಮೇಲೆ ಅವಳ ಕೈಯಲ್ಲಿ ಅಷ್ಟು ಬಲ ಇರುತ್ತದೆ ಎಂದು ನಾನು ತಿಳಿದಿರಲಿಲ್ಲ.

“ಹೂಂ ಅನ್ನ,” ಎಂದಳು.

ತನ್ನ ಒಂದು ಕಾಲನ್ನು ತಿಂದ ನೀರಿಗೆ ನನ್ನ ಎರಡು ಕಾಲನ್ನೂ ಇಳಿಸು ಎನ್ನುತ್ತಿದ್ದಾಳೆ, ನನ್ನ ಮೇಲೆ ಪ್ರೀತಿಯಿಲ್ಲದೆ ಅಲ್ಲ, ತನ್ನ ಹತ್ತಿರ ಇದ್ದ ಒಂದೇ ಒಂದು ದೊಡ್ಡ ವಸ್ತುವನ್ನು ನನಗೆ ಕೊಟ್ಟು ಹೋಗಬೇಕೆಂದು.

“ಮೊದಲ ನಿಮ್ಮ ಪೈಪ ಜೋಡಸ್ರಿ ಸಾವ್ಕಾರ್ರ,” ಎಂದೆ. “ಆಮ್ಯಾಲ ಮಾತಾಡೂಣು.”

ಅವರು ಎದ್ದು ನಿಂತರು. ಅವ್ವ ನನ್ನ ಕೈ ಬಿಟ್ಟು ಅವರ ಕಡೆ ಎರಡೂ ಕೈ ಜೋಡಿಸಿದಳು. “ಈಕಿ ಮಾತ ಮನಸಿಗೆ ಹಚ್ಕೋಬ್ಯಾಡ್ರಿ ಎಪ್ಪಾ. ತಂದಿ ಇಲ್ಲದ ಹುಡುಗಿ.”

ಈಗ ನಡೆಮಡಿ ಗಜೇಂದ್ರಗಡದಿಂದ ಬರುತ್ತದೆ. ಅಲ್ಲಿ ಲಾಂಡ್ರಿ ಇಟ್ಟುಕೊಂಡವರು ಅದನ್ನು ಇಸ್ತ್ರಿ ಹೊಡೆದು, ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಾಡಿಯಲ್ಲಿ ತರುತ್ತಾರೆ. ಮೊದಲ ಸಲ ತಂದಾಗ ನಾನು ನೋಡಲೆಂದೇ ಹೋಗಿದ್ದೆ. ಚೀಲ ಬಿಚ್ಚಿದಾಗ ಮಷಿನ್ನಿಗೆ ಹಾಕುವ ಸೋಪಿನ ಪುಡಿಯ ಘಮ ಬಂತು. ಸಾವ್ಕಾರರು ಒಣ ಅಂಚನ್ನು ಕಣ್ಣಿಗೆ ಒತ್ತಿಕೊಂಡು, “ಎಷ್ಟ ಚಂದ ವಾಸನಿ,” ಎಂದರು. ಅದನ್ನು ಎಲ್ಲಿ ಒಗೆದದ್ದು ಎಂದು ಯಾರೂ ಕೇಳಲಿಲ್ಲ. ನಾನು ಮನೆಗೆ ಬಂದು ಅವ್ವನಿಗೆ ಇದನ್ನು ಹೇಳಿದೆ. ಹೇಳಬಾರದಿತ್ತೇನೋ, ಆದರೆ ನನಗೆ ತಡೆಯಲಾಗಲಿಲ್ಲ. ಅವಳು ಗೋಡೆಯ ಕಡೆ ತಿರುಗಿಕೊಂಡಳು.

ಆಗಿನಿಂದ ಅವ್ವ ನನ್ನ ಜೊತೆ ಮಾತಾಡುವುದು ನೀರು, ಗುಳಿಗೆ, ಕೋಲು ಎಂಬಷ್ಟೇ. ನಾನು ಈಗಲೂ ಘಟಕಕ್ಕೆ ಹೋಗುತ್ತೇನೆ, ಬಾಟಲಿ ಹಿಡಿಯುತ್ತೇನೆ. ಮೆಟ್ಟಿಲ ಮೇಲೆ ನೀರು ತಿಳಿಯಾಗಿ ಇಳಿದು ಬರುತ್ತದೆ, ಹಳ್ಳ ಸೇರಿದ ಮೇಲೆ ಕಪ್ಪು ನೀರಿನ ಜೊತೆಗೂಡಿ ಹೊಳೆಗೆ ಹೋಗುತ್ತದೆ. ವಾಡೆಯ ಪೈಪು ಇದ್ದಲ್ಲೇ ಇದೆ. ಒಗೆಯುವ ಕಲ್ಲಿನ ಮೇಲೆ ಪಾಚಿ ಬೆಳೆದಿದೆ.

ಸಂಜೆ ನಾನು ಕೆಲಸ ಮುಗಿಸಿ ಬರುವಾಗ ಅವ್ವ ಹೊಸ್ತಿಲಲ್ಲಿ ಕೂತಿರುತ್ತಾಳೆ. ನನ್ನನ್ನು ಕಂಡರೆ ಮುಖ ಒಳಗೆ ತಿರುಗಿಸುತ್ತಾಳೆ. ಅದೇ ಹೊತ್ತಿಗೆ ಸಾವ್ಕಾರರು ವಾಯುಸೇವನೆಗೆ ನಮ್ಮ ಓಣಿಯಿಂದ ಹಾದು ಹೋಗುತ್ತಾರೆ. ಅವರ ಬಿಳಿ ಧೋತರ ತಿರುವಿನಲ್ಲಿ ಕಂಡ ಕೂಡಲೇ ಅವ್ವನ ಕೈ ಕೋಲನ್ನು ಹುಡುಕುತ್ತದೆ. ಬಾಗಿಲ ಚೌಕಟ್ಟು ಹಿಡಿದು, ಇರುವ ಒಂದು ಕಾಲಿನ ಮೇಲೆ ಮೈಯನ್ನೆಲ್ಲ ಎತ್ತಿ, ನಡುಗುತ್ತ ಎದ್ದು ನಿಲ್ಲುತ್ತಾಳೆ.

“ಕುಂಡ್ರಬೇ, ಕುಂಡ್ರ,” ಎನ್ನುತ್ತಾರೆ ಅವರು, ನಗುನಗುತ್ತಾ.

ಅವರು ಓಣಿ ದಾಟಿ ಮರೆಯಾಗುವವರೆಗೆ ಅವ್ವ ಕೂರುವುದಿಲ್ಲ.